ಯಾರದೋ ಗುಳ್ಳೆ

ನನ್ನ ಎಡ ಹಿಮ್ಮಡಿಯಲ್ಲಿ ಯಾರದೋ ಗುಳ್ಳೆ ಒಡೆದಾಗ ನಾನು ಓಡುತ್ತಿದ್ದೆ. ತಲೆಯ ಮೇಲೆ ನನ್ನ ಗಂಟು, ಬಗಲಲ್ಲಿ ಖಾಜಾ ಮಾಸ್ತರರ ಚೀಲ, ಎದುರಿಗೆ ಕೆರೆಯ ಕಡೆಗೆ ಧುಮುಕುವ ಕೆಂಪು ಮಣ್ಣಿನ ಇಳಿಜಾರು. ಹಿಮ್ಮಡಿ ಚುರ್ ಎಂದಿತು. ಆಮೇಲೆ ಉಪ್ಪು ಸವರಿದ ಹಾಗೆ ಉರಿಯತೊಡಗಿತು. ನಾನು ನಗುತ್ತಲೇ ಇದ್ದೆ. ಚಪ್ಪಲಿ ಬಿಚ್ಚಿ ನೋಡಬೇಕಾದ ಅಗತ್ಯ ಇರಲಿಲ್ಲ. ನನ್ನ ಹಿಮ್ಮಡಿ ನಯವಾಗಿಯೇ ಇರುತ್ತದೆಂದು ಗೊತ್ತಿತ್ತು. ಗುಳ್ಳೆ ಎದ್ದ ಕಾಲು ಮೂವತ್ತೆಂಟು ಜನರ ಆ ಸಾಲಿನಲ್ಲಿ ಎಲ್ಲೋ ಹಿಂದೆ, ತನಗೇನಾಗಿದೆ ಎಂಬುದೇ ತಿಳಿಯದೆ ಆರಾಮಾಗಿ ನಡೆದು ಬರುತ್ತಿತ್ತು.

"ವಾರಿಜಮ್ಮಾ! ಯಾರ ಕಾಲು ಅಂತ ಹಂಗೆ ಓಡ್ತೀಯ?" ಖಾಜಾ ಮಾಸ್ತರರು ಮೇಲಿನಿಂದ ಕೂಗಿದರು.

"ನನ್ನವೇ ಮಾಸ್ತರೇ!"

"ಕಾಲೇನೋ ನಿಂದು. ನೋವು ಯಾರ ಮನೇದು?"

ಅದೇ ಹೊತ್ತಿಗೆ ಸಾಲಿನ ತುದಿಯಲ್ಲಿ ಒಬ್ಬ ಗಂಡಸು ಅರಚಿದ್ದು ಕೇಳಿತು. ದನಿ ಎಷ್ಟು ದೊಡ್ಡದಿತ್ತೆಂದರೆ ಕೆರೆಯಂಚಿನ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು. ನಾನು ತಿರುಗಿ ನೋಡಲಿಲ್ಲ. ಬೆಳ್ಳಕ್ಕಿಗಳನ್ನು ನೋಡಿದೆ. ಒಂಬತ್ತು ವರ್ಷಗಳ ನಂತರ ಓಡುತ್ತಿದ್ದೆ, ಇಳಿಜಾರು ಇನ್ನೂ ಅರ್ಧ ಉಳಿದಿತ್ತು.

ಪ್ರತಿ ವರ್ಷ ಕೆರೆ ತುಂಬಿ ಕೋಡಿ ಹರಿದ ಮೇಲೆ ಬರುವ ಮೊದಲ ಸೋಮವಾರ ನಮ್ಮೂರಿನಿಂದ ಈ ಸಾಲು ಹೊರಡುತ್ತದೆ. ಕೆರೆಯನ್ನು ಬಲಕ್ಕಿಟ್ಟುಕೊಂಡು ಆರು ದಿನ ನಡೆದರೆ ಮತ್ತೆ ಹೊರಟ ಮೆಟ್ಟಿಲಿಗೇ ಬಂದು ಸೇರುತ್ತೇವೆ. ಹೊರಡುವಾಗ ಎಲ್ಲರೂ ಮೆಟ್ಟಿಲ ನೀರಿನಲ್ಲಿ ಕಾಲು ಅದ್ದುತ್ತಾರೆ. ಕಾಲು ಒಣಗುವಷ್ಟರಲ್ಲಿ ಜೋಡಿ ಬಿದ್ದಿರುತ್ತದೆ. ಅಲ್ಲಿಂದ ಮುಂದೆ ನಿನ್ನ ನೋವು ಅವರಿಗೆ, ಅವರ ನೋವು ನಿನಗೆ. ಯಾರಿಗೆ ಯಾರು ಎಂಬುದನ್ನು ಸುತ್ತು ಮುಗಿಸಿ ಮೆಟ್ಟಿಲ ಬಳಿಯ ಕೊನೆಕಲ್ಲು ಮುಟ್ಟುವ ತನಕ ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಹೀಗಾಗಿ ಹೊರಡುವ ಮುಂಚಿನ ವಾರ ಊರಿನ ಹಲ್ಲಿನ ಡಾಕ್ಟರ ಮನೆ ಮುಂದೆ ಉದ್ದನೆಯ ಸಾಲು ನಿಲ್ಲುತ್ತದೆ. ವರ್ಷವಿಡೀ ಹುಳುಕು ಹಲ್ಲನ್ನು ಸಾಕಿಕೊಂಡವರೂ ಬಂದು ಕೀಳಿಸಿಕೊಳ್ಳುತ್ತಾರೆ. ಯಾರೋ ಪಾಪ ಅನುಭವಿಸಬೇಕಲ್ಲ ಎಂದು ಉಗುರು ಕತ್ತರಿಸುತ್ತಾರೆ, ಹಿಮ್ಮಡಿಯ ಬಿರುಕಿಗೆ ಮೇಣ ತುಂಬುತ್ತಾರೆ. ಆ ತಿಂಗಳು ನಮ್ಮೂರಿನ ಅಂಗಡಿಯವರು ಹೊಸ ಚಪ್ಪಲಿ ಮಾರುವುದಿಲ್ಲ. ಕಾಡಿ ಬೇಡಿದರೂ, "ಹಬ್ಬ ಕಳೀಲಿ ಬನ್ನಿ" ಎಂದು ಕಳಿಸಿಬಿಡುತ್ತಾರೆ.

ಸಾಲನ್ನು ನಡೆಸುವವರು ಯಶವಂತಿ ಟೀಚರ್. ಹಿಂದೆ ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು, ಈಗಲೂ ಕೊರಳಲ್ಲಿ ಸೀಟಿ. ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರನ್ನೂ ತಡೆದು ಒಂದೇ ಪ್ರಶ್ನೆ ಕೇಳುತ್ತಾರೆ: "ಹಳೇ ನೋವು?" ಇದ್ದವರು ನೀರಿಗೆ ಕಾಲು ಹಾಕುವಂತಿಲ್ಲ. ಅವರಿಗೆ ಬೇಕಿದ್ದರೆ ಅಡಿಗೆಯವರ ಗಾಡಿಯಲ್ಲಿ ಬರಬಹುದು. ಹೊಸ ನೋವಾದರೆ ಆರು ದಿನದ ಮುಳ್ಳು, ಆರು ದಿನದ ಬಿಸಿಲು. ಹಳೆಯದನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು.

"ಹಳೇ ನೋವು?" ಎಂದು ಟೀಚರ್ ನನ್ನನ್ನೂ ಕೇಳಿದರು.

"ಏನೂ ಇಲ್ಲ," ಎಂದೆ.

ಅದು ಸುಳ್ಳೋ ಅಲ್ಲವೋ ನನಗೆ ಈಗಲೂ ಹೇಳಲಾಗದು. ಒಂಬತ್ತು ವರ್ಷದ ಹಿಂದೆ ನಾನು ಕೆಲಸ ಮಾಡುವ ಲೈಬ್ರರಿಯಲ್ಲಿ, ಯಾರೂ ಓದದ ಒಂದು ಪುಸ್ತಕ ತೆಗೆಯಲು ಏಣಿ ಹತ್ತಿ, ಏಣಿಯ ಸಮೇತ ಬಿದ್ದಿದ್ದೆ. ಅಂದಿನಿಂದ ಎಡ ಸೊಂಟ ನೋಯುತ್ತದೆ. ಕೂತರೆ ನೋವು, ಎದ್ದರೆ ಹೆಚ್ಚು ನೋವು, ಬಗ್ಗಿದರೆ ಕಣ್ಣು ಕತ್ತಲೆ. ನಾಲ್ಕು ಡಾಕ್ಟರು ನೋಡಿದರು. ನಾಲ್ವರೂ ಕಪ್ಪು ಫಿಲಮನ್ನು ಬೆಳಕಿಗೆ ಹಿಡಿದು ಒಂದೇ ಮಾತು ಹೇಳಿದರು: ಏನೂ ಇಲ್ಲ. ನನ್ನ ಅಕ್ಕ ಪಂಕಜ ಮೊದಲ ಎರಡು ವರ್ಷ ದಿನಾ ಎಣ್ಣೆ ತಿಕ್ಕಿದಳು. ಆಮೇಲೆ ಅವಳೂ ಅದನ್ನೇ ಹೇಳತೊಡಗಿದಳು. ಅವಳನ್ನು ದೂರುವುದಿಲ್ಲ. ಮನೆಯ ನೀರೆಲ್ಲ ಅವಳೇ ಹೊರಬೇಕು. ಮನುಷ್ಯರಿಗೆ ನಂಬಿ ನಂಬಿಯೂ ಸುಸ್ತಾಗುತ್ತದೆ. ಕೊನೆಗೆ, ಊರೆಲ್ಲ ಏನೂ ಇಲ್ಲ ಎನ್ನುವಾಗ, ಮೆಟ್ಟಿಲ ಮೇಲೆ ನಾನೊಬ್ಬಳು ಇದೆ ಎಂದರೆ ಟೀಚರ್ ಯಾವ ಆಧಾರದ ಮೇಲೆ ಒಪ್ಪಬೇಕು?

ಹೀಗೆಂದು ಸಮಾಧಾನ ಮಾಡಿಕೊಂಡೆನೇ ಹೊರತು, ನಿಜವಾಗಿ ನಾನು ಬಂದದ್ದು ಆರು ದಿನ ನೋವಿಲ್ಲದೆ ಇರಲು. ಹೊರಡುವ ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಎರಡು ಕೊಡ ನೀರು ತರೋಕೆ ಸೊಂಟ ಇಲ್ಲ, ಆರು ದಿನ ಕೆರೆ ಸುತ್ತೋಕೆ ಸೊಂಟ ಬರುತ್ತೆ. ಚೆನ್ನಾಗಿದೆ ಕಣೆ ವಾರಿ. ನಗ್ತಾ ನಗ್ತಾ ಸುತ್ತಿ ಬಂದೆಯೋ, ಮಾರನೇ ದಿನದಿಂದ ನೀರು ನಿಂದೇ." ನಾನು ಗಂಟು ಎತ್ತಿಕೊಂಡು ಹೊರಟೆ. ಕೆರೆಯ ನೀರು ಕಾಲಿಗೆ ತಾಗಿತು, ಕಾಲು ಒಣಗಿತು, ಮೂರನೇ ಹೆಜ್ಜೆಗೆ ಸೊಂಟ ಹಗುರಾಯಿತು. ಬಾಗಿಲು ತೆರೆದು ಯಾರೋ ಹೊರಗೆ ಹೋದ ಹಾಗೆ. ಆಮೇಲೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ. ಬೇಕೆಂದೇ ಬಗ್ಗಿ ಕಲ್ಲು ಹೆಕ್ಕಿದೆ. ಖಾಜಾ ಮಾಸ್ತರರ ಚೀಲ ಕಿತ್ತುಕೊಂಡೆ. ಕಾಲುವೆ ಹಾರಿದೆ, ಇನ್ನೊಮ್ಮೆ ಹಿಂದಕ್ಕೆ ಹೋಗಿ ಮತ್ತೆ ಹಾರಿದೆ. ಒಂದು ಸಲವೂ, ಹೋದದ್ದು ಎಲ್ಲಿಗೆ ಹೋಯಿತು ಎಂದು ಯೋಚಿಸಲಿಲ್ಲ.

ಮೊದಲ ದಿನದ ಸಂಜೆ ಮೆಣಸಿನಕಾಯಿ ಒಣಹಾಕುವ ಒಂದು ಕಣದಲ್ಲಿ ತಂಗಿದೆವು. ಟೀಚರ್ ಸೀಟಿ ಊದಿದರು. ಅದು ಕಾಲು ನೋಡುವ ಹೊತ್ತು. ಎಲ್ಲರೂ ವೃತ್ತವಾಗಿ ಕೂತು, ಕೈಗನ್ನಡಿ ಹಿಡಿದು, ತಮ್ಮ ಕಾಲನ್ನು ತಾವೇ ಪರರ ಕಾಲಿನ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮುಳ್ಳು ಚುಚ್ಚಿದ್ದು ಚುಚ್ಚಿಸಿಕೊಂಡವರಿಗೆ ತಿಳಿಯುವುದಿಲ್ಲವಾದ್ದರಿಂದ ಕಣ್ಣಿನಿಂದಲೇ ಹುಡುಕಬೇಕು. ಖಾಜಾ ಮಾಸ್ತರರು ತಮ್ಮ ಹೆಬ್ಬೆರಳಿನಿಂದ ಒಂದು ಜಾಲಿಮುಳ್ಳು ಎಳೆದು, "ಕ್ಷಮಿಸಬೇಕಪ್ಪಾ, ಯಾರೋ ಏನೋ," ಎಂದು ಗಾಳಿಗೆ ಕೈಮುಗಿದರು. ಅವರು ನಮ್ಮ ಲೈಬ್ರರಿಯ ಎದುರಿನ ದರ್ಜಿ. ಇದು ಅವರ ಹನ್ನೊಂದನೇ ಸುತ್ತು.

ಒಬ್ಬರು ಮಾತ್ರ ಕಾಲು ನೋಡಿಕೊಳ್ಳಲಿಲ್ಲ. ಹಿಟ್ಟಿನ ಗಿರಣಿಯ ಗುರುಪಾದಪ್ಪನವರು, ಸುತ್ತಿಗೆ ಇದೇ ಮೊದಲ ಸಲ ಬಂದವರು. ಐವತ್ತೈದರ ಆಚೀಚಿನ ದೊಡ್ಡಾಳು. ಗಿರಣಿಯ ಸದ್ದಿನಲ್ಲಿ ಮೂವತ್ತು ವರ್ಷ ಮಾತಾಡಿ ಮಾತಾಡಿ ಅವರಿಗೆ ಮೆತ್ತಗಿನ ದನಿಯೇ ಉಳಿದಿರಲಿಲ್ಲ. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳುತ್ತಿತ್ತು. ಅವರು ಕಣದ ನಡುವೆ ಅಂಗಾತ ಬಿದ್ದುಕೊಂಡಿದ್ದರು. ಅಂಗಿಯೆಲ್ಲ ಬೆವರು.

"ಎಲ್ಲಿ ನೋವು ಗುರುಪಾದಪ್ಪ? ಏನಾಗ್ತಿದೆ ಸರಿಯಾಗಿ ಹೇಳಿ," ಟೀಚರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಎಡಸೊಂಟ ಟೀಚರೇ. ಬೀಸೋ ಕಲ್ಲಿನ ನಡುವೆ ಹರಳು ಸಿಕ್ಕೊಂಡಂಗೆ. ಕಲ್ಲು ಸುಮ್ಕಿದ್ರೆ ಸಣ್ಣಕೆ ಗುರ್ ಅಂತಾ ಇರ್ತದೆ. ಒಂದು ಸುತ್ತು ತಿರುಗಿತೋ, ಕರ್! ಹಲ್ಲಿನವರೆಗೂ ಬರ್ತದೆ. ಇವತ್ತು ಯಾವನೋ ಪುಣ್ಯಾತ್ಮ ಆ ಕಲ್ಲಿಗೆ ಮೋಟ್ರು ಕಟ್ಟಿ ತಿರುಗಿಸ್ಯವ್ನೆ."

ಕೆಲವರು ನಕ್ಕರು. ನನ್ನ ಕೈಯಲ್ಲಿದ್ದ ಕನ್ನಡಿ ಜಾರಿ ಬಿತ್ತು. ಭಯದಿಂದ, ನಾಚಿಕೆಯಿಂದ ಬಿತ್ತು ಎಂದು ಬರೆದರೆ ಅರ್ಧ ನಿಜ. ಒಂಬತ್ತು ವರ್ಷದಿಂದ ಡಾಕ್ಟರುಗಳು ಹೇಗೆ ನೋಯುತ್ತದೆ ಎಂದು ಕೇಳಿದಾಗಲೆಲ್ಲ ನಾನು ತಡವರಿಸಿ, "ಒಂಥರಾ ಆಗುತ್ತೆ," ಎನ್ನುತ್ತಿದ್ದೆ. ಒಂಥರಾ ಆಗುವವಳನ್ನು ಯಾರು ನಂಬುತ್ತಾರೆ? ಈ ಮನುಷ್ಯ ಒಂದೇ ದಿನದಲ್ಲಿ ಅದನ್ನು ಹೆಕ್ಕಿ ಅಂಗೈಯಲ್ಲಿಟ್ಟು ತೋರಿಸಿದ್ದರು. ಹರಳು. ಹೌದು, ಹರಳೇ. ಗುರ್ ಎನ್ನುವುದೂ ನಿಜ, ಹಲ್ಲಿನವರೆಗೆ ಬರುವುದೂ ನಿಜ. ಅವರ ಪಕ್ಕ ಹೋಗಿ ಕೈಹಿಡಿದು ಕುಣಿಯಬೇಕು ಅನ್ನಿಸಿತು. ಕುಣಿದರೆ ಅವರು ಸಾಯುತ್ತಿದ್ದರು.

ಟೀಚರ್ ಎದ್ದು ನಿಂತು ವೃತ್ತವನ್ನು ಒಂದು ಸುತ್ತು ನೋಡಿದರು. "ಇದು ಇವತ್ತಿನ ನೋವಲ್ಲ. ಯಾರದ್ದು ಅಂತ ನಾನು ಕೇಳೋ ಹಾಗಿಲ್ಲ. ಆದ್ರೆ ಯಾರದ್ದೋ ಅವರಿಗೆ ಕಿವಿ ಇದೆ ಅಂದ್ಕೊಂಡಿದೀನಿ." ಅಷ್ಟೇ ಹೇಳಿ ಊಟಕ್ಕೆ ಸೀಟಿ ಊದಿದರು.

ಎರಡನೇ ದಿನ ನಾನು ತುಂಬಿದ ಗಡಿಗೆ ಹೊತ್ತವಳ ಹಾಗೆ ನಡೆದೆ. ಬಗ್ಗಲಿಲ್ಲ, ಹಾರಲಿಲ್ಲ. ಮಾಸ್ತರರು ಚೀಲ ಕೊಡಲು ಬಂದರೆ, "ಬೇಡ ಮಾಸ್ತರೇ, ಇವತ್ತು ಯಾಕೋ ಆಗಲ್ಲ," ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಹಿಂದೆ ಕೋಲು ಊರಿ ಬರುತ್ತಿದ್ದ ಗುರುಪಾದಪ್ಪನವರನ್ನು ನೋಡಿ, ಚೀಲವನ್ನು ಹೆಗಲಿಗೇರಿಸಿ, ಗುಂಡಿಗಳ ಬೆಲೆ ಏರಿದ್ದರ ಬಗ್ಗೆ ಮಾತಾಡತೊಡಗಿದರು. ನನ್ನ ಹಿಮ್ಮಡಿ ಮಾತ್ರ ಹೆಜ್ಜೆ ಹೆಜ್ಜೆಗೂ ಉರಿಯುತ್ತಿತ್ತು. ನಡುಹಗಲು ನೆರಳಿಗೆ ಕೂತಾಗ ಗುರುಪಾದಪ್ಪನವರ ಕಾಲಿನ ಕಡೆ ಕಣ್ಣು ಹೋಯಿತು. ಬಿಳಿ ಕ್ಯಾನ್ವಾಸ್ ಶೂ, ಹೊಚ್ಚ ಹೊಸದು. ಎಡ ಶೂವಿನ ಹಿಂಬದಿ ರೂಪಾಯಿಯಗಲ ಕೆಂಪಗಾಗಿತ್ತು.

"ಯಜಮಾನ್ರೇ, ನಿನ್ನೆ ನೀವು ಕಾಲು ನೋಡ್ಕೊಳ್ಳಲಿಲ್ಲ," ಎಂದೆ.

"ನೋಡೋ ಸ್ಥಿತೀಲಿ ಇದ್ನೇನವ್ವ?"

"ಇವತ್ತಾದರೂ ನೋಡ್ಕೊಳ್ಳಿ."

ಅವರು ಶೂ ಎಳೆದರು. ಹಿಮ್ಮಡಿಯ ಚರ್ಮ ಸುಲಿದು ಕೆಂಪಗೆ ತೊಯ್ದಿತ್ತು. ಅದನ್ನು ಕಂಡು ಆ ದೊಡ್ಡ ಮನುಷ್ಯನ ಮುಖ ಸಣ್ಣದಾಗಿಹೋಯಿತು. "ಅಯ್ಯಯ್ಯೋ! ಎಂಥ ಕೆಲ್ಸ ಮಾಡ್ದೆ. ಮಗಳು ಗಂಡನ ಊರಿಂದ ಕಳಿಸಿದ್ಲು, ಚೆಂದಾಗೈತೆ ಅಂತ ಹಾಕ್ಕೊಂಡ್ ಬಂದೆ. ಯಾರ್ಗೆ ಉರೀತಾ ಐತೋ ಏನೋ!"

"ಹೆಸರಲ್ಲೇ ಪಾದ ಇಟ್ಕೊಂಡಿದೀಯ, ಪಾದ ನೋಡ್ಕೊಳ್ಳೋಕೆ ಬರಲ್ಲ," ಖಾಜಾ ಮಾಸ್ತರರು ಚುಚ್ಚಿದರು. "ಹೊಸ ಶೂ ಹಾಕ್ಕೊಂಡು ಕೆರೆ ಸುತ್ತೋಕೆ ಬಂದೋನು ನೀನೊಬ್ಬನೇ ಕಣಯ್ಯ. ನಿನ್ನ ಜೋಡಿ ಸಿಕ್ಕಿದ್ರೆ ಕೊನೆಕಲ್ಲಲ್ಲಿ ನಿಂಗೆ ಬೆಲ್ಲದ ನೀರಲ್ಲ, ಬೇವಿನ ನೀರು ಕುಡಿಸ್ತಾರೆ."

"ಕುಡೀತೀನಿ ಮಾಸ್ತರೇ, ತಪ್ಪು ನಂದೇ." ಅವರು ಗಾಯಕ್ಕೆ ಅರಿಶಿನ ಒತ್ತಿ, ಬಟ್ಟೆ ಸುತ್ತಿದರು. ನನ್ನ ಹಿಮ್ಮಡಿ ಒಮ್ಮೆ ಚುರುಗುಟ್ಟಿ ಆಮೇಲೆ ತಣ್ಣಗಾಯಿತು. ನಾನು ನಿಟ್ಟುಸಿರು ಬಿಟ್ಟೆ. ಬಿಡಬಾರದಿತ್ತು. ಅವರು ತಲೆಯೆತ್ತಿ ನನ್ನನ್ನೇ ನೋಡಿದರು.

ಆ ಬೆಲ್ಲದ ನೀರಿನ ವಿಷಯ ಹೇಳಬೇಕು. ಕೊನೆಕಲ್ಲಿನಲ್ಲಿ ಎಲ್ಲರ ಮನೆಯವರೂ ತಂಬಿಗೆ, ಲೋಟ ಹಿಡಿದು ಕಾದಿರುತ್ತಾರೆ. ಜೋಡಿಗಳು ಒಬ್ಬರನ್ನೊಬ್ಬರು ಗುರುತಿಸಿದ ಮೇಲೆ, ಅವರ ಮನೆಯವರು ಇವರಿಗೆ, ಇವರ ಮನೆಯವರು ಅವರಿಗೆ ಬೆಲ್ಲದ ನೀರು ಚಾಚಿ, "ನಮ್ಮವರಿಂದ ನಿಮಗೇನಾದರೂ ನೋವಾಯ್ತಾ?" ಎಂದು ಕೇಳುತ್ತಾರೆ. "ಏನೂ ಇಲ್ಲ," ಎನ್ನಬೇಕು, ಕುಡಿಯಬೇಕು. ಕುಡಿಯುವ ತನಕ ಜೋಡಿ ಬಿಡುವುದಿಲ್ಲ, ಇಬ್ಬರೂ ಕುಡಿದ ಕೂಡಲೇ ಬಿಡುತ್ತದೆ, ಅವರವರ ನೋವು ಅವರವರಿಗೆ. ಹಿಂದೊಮ್ಮೆ ಒಬ್ಬರ ಕಾಲ್ಬೆರಳು ಮುರಿದು, ಆ ನೋವನ್ನು ನಾಲ್ಕು ದಿನ ಹೊತ್ತು ನಡೆದಾತ ಕೂಡ ಏನೂ ಇಲ್ಲ ಎಂದೇ ಕುಡಿದನಂತೆ. ಹಿಂದಿನ ಹತ್ತು ಸುತ್ತಿನಲ್ಲಿ ಬೇರೆ ಉತ್ತರ ಕೇಳಿಲ್ಲ ಎಂದು ಮಾಸ್ತರರು ಹೆಮ್ಮೆಯಿಂದ ಹೇಳುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ಎಚ್ಚರವಾದರೂ ನಾನು ಚಾಪೆಯಿಂದ ಏಳಲಿಲ್ಲ. ದಿನದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಆ ಮೊದಲ ಏಳುವಿಕೆ. ಗುರುಪಾದಪ್ಪನವರು ಆಗಲೇ ಎದ್ದು, ಒಲೆಯ ಪಕ್ಕ ಟೀ ಲೋಟ ಹಿಡಿದು, ಯಾರಿಗೋ ರಾಗಿ ಬೀಸುವ ಹದ ವಿವರಿಸುತ್ತ ಸುಖವಾಗಿದ್ದರು. ನಾನು ಎದ್ದರೆ ಆ ಸುಖ ಮುಗಿಯುತ್ತಿತ್ತು. ಅವರಿಗೆ ಅದು ಸುಳಿವೇ ಇಲ್ಲದೆ ಬಂದು ಬಡಿಯುತ್ತದೆ ಎನ್ನುವುದು ಆಗ ಹೊಳೆಯಿತು. ನನಗಾದರೆ ಬಗ್ಗುವ ಮುಂಚೆ ಗೊತ್ತಿರುತ್ತದೆ, ಮೈ ಗಟ್ಟಿ ಮಾಡಿಕೊಳ್ಳುತ್ತೇನೆ. ಅವರು ನಗುತ್ತ ಕೂತಿರುವಾಗ ಕಲ್ಲು ತಿರುಗಿಬಿಡುತ್ತದೆ.

"ಏಳ್ತಾ ಇದೀನಪ್ಪಾ!" ಎಂದು ಜೋರಾಗಿ ಹೇಳಿದೆ, ಯಾರಿಗೂ ಅಲ್ಲದ ಹಾಗೆ.

ಮಾಸ್ತರರು, "ಏಳಮ್ಮ, ತಮಟೆ ಹೊಡೀಬೇಕಾ?" ಎಂದರು. ನಾನು ಬಲಕ್ಕೆ ಹೊರಳಿ, ಮೊಣಕೈ ಊರಿ, ಮಂಡಿ ಮಡಚಿ, ಒಂಬತ್ತು ವರ್ಷದ ಅಭ್ಯಾಸದಂತೆ ನಿಧಾನ ಎದ್ದೆ. ಗುರುಪಾದಪ್ಪನವರು ಲೋಟವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ಚೆಲ್ಲಲಿಲ್ಲ.

ಅವತ್ತು ದಾರಿಯಲ್ಲಿ ಅವರು ನನ್ನ ಪಕ್ಕಕ್ಕೇ ಬಂದರು. "ಬರ್ತೈತೆ ಅಂತ ಗೊತ್ತಾದ್ರೆ ಅರ್ಧ ಕಮ್ಮಿ ಕಣವ್ವ," ಎಂದರು, ಮುಂದಿನ ಹೊಲ ನೋಡುತ್ತ.

"ಬಂದಾಗ ಹಲ್ಲು ಕಚ್ಚಬೇಡಿ," ನಾನೂ ಹೊಲ ನೋಡುತ್ತ ಹೇಳಿದೆ. "ಕಚ್ಚಿದರೆ ಅದು ಅಲ್ಲೇ ಕೂರುತ್ತೆ. ಬಿಸಿ ಟೀ ಆರಿಸೋ ಹಾಗೆ ಉಸಿರು ಬಿಡಿ. ಹೋಗು ಅನ್ನಬೇಡಿ, ಹೋಗಲ್ಲ. ಬಂದೆಯಾ, ಕೂತ್ಕೋ, ಅಂತ ಅನ್ನಿ."

"ನಿಂಗೆಂಗೆ ಗೊತ್ತು ಇದೆಲ್ಲ?"

"ನಮ್ಮ ಮನೇಲಿ ಒಬ್ಬರಿಗಿದೆ."

"ಎಷ್ಟು ದಿನದಿಂದ?"

"ಒಂಬತ್ತು."

"ಒಂಬತ್ತು ದಿನ? ಇದನ್ನ?"

"ವರ್ಷ."

ಕೋಲು ನಿಂತಿತು. ಅವರು ಮತ್ತೆ ಹೊರಟು, "ಡಾಕ್ಟ್ರು ಏನಂತಾರೆ?" ಎಂದರು.

"ಏನೂ ಇಲ್ಲ ಅಂತಾರೆ."

"ಮನೆಯೋರು?"

"ಅವರೂ ಅದನ್ನೇ ಅಂತಾರೆ."

"ಏನೂ ಇಲ್ವಾ?" ಗುರುಪಾದಪ್ಪನವರು ಗಿರಣಿಯ ದನಿಯಲ್ಲಿ ಕೂಗಿದರು. ಸಾಲಿಗೆ ಸಾಲೇ ತಿರುಗಿ ನೋಡಿತು. "ಇದು ಏನೂ ಇಲ್ವಾ? ಕರ್ಕೊಂಡ್ ಬಾ ಆ ಡಾಕ್ಟ್ರನ್ನ!" ನಾನು ಗಾಬರಿಯಿಂದ ಮೆಲ್ಲಗೆ, ಮೆಲ್ಲಗೆ ಎಂದೆ. ಅವರು ಬಾಯಿ ಮುಚ್ಚಿಕೊಂಡರು. ನನ್ನ ಕಣ್ಣು ತುಂಬಿತ್ತು. ಹಿಮ್ಮಡಿಯ ಉರಿಗೆ ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ ಎಂದು ಸೆರಗಿನಿಂದ ಒರೆಸಿಕೊಂಡೆ.

ಅಂದಿನಿಂದ ನಮ್ಮಿಬ್ಬರ ಮಾತು ಗಾಳಿಯ ಜೊತೆಗಿನ ಮಾತಾಯಿತು. "ಈಗ ಕೂರ್ತೀನಿ," ಎಂದು ನಾನು ಮರಕ್ಕೆ ಹೇಳುವುದು. "ಶೂ ಹಾಕ್ತಾ ಇವ್ನಿ," ಎಂದು ಅವರು ಹತ್ತು ಜನರಿಗೆ ಕೇಳುವಂತೆ ಕೆರೆಗೆ ಹೇಳುವುದು. ನೀರು ತುಂಬಿಕೊಳ್ಳಲು ನಾನು ಬಗ್ಗಬೇಕಾದರೆ ಮೂರು ಎಣಿಸುತ್ತಿದ್ದೆ. ಮೂರಕ್ಕೆ ಸರಿಯಾಗಿ ಎಲ್ಲೋ ಹಿಂದೆ ಟೀ ಆರಿಸುವಂಥ ಉಸಿರು ಕೇಳುತ್ತಿತ್ತು. ನಮ್ಮೂರಿನ ಜನ ಇಂಥದ್ದನ್ನು ಕೇಳಿಸಿಕೊಳ್ಳದೆ ಇರುವುದರಲ್ಲಿ ಪಳಗಿದವರು. ಒಬ್ಬರೂ ಹುಬ್ಬೇರಿಸಲಿಲ್ಲ.

ನಾಲ್ಕನೇ ದಿನ ಬೆಸ್ತರ ಹಟ್ಟಿಯೊಂದನ್ನು ತಲುಪಿದಾಗ ಊರಿಗೆ ಹೊರಟ ದೋಣಿ ನಿಂತಿತ್ತು. ಗುರುಪಾದಪ್ಪನವರು ಅಷ್ಟು ಹೊತ್ತಿಗೆ ಬಾಡಿದ್ದರು, ಕಣ್ಣಿನ ಕೆಳಗೆ ಕಪ್ಪು ಗೆರೆ. ದೋಣಿ ಹತ್ತಿದವರ ಜೋಡಿ ಅಲ್ಲಿಗೇ ಬಿಡುತ್ತದೆ. ನಾನು ಅವರ ಬಳಿ ಹೋಗಿ, "ದೋಣಿ ಇದೆ ಯಜಮಾನ್ರೇ. ಹತ್ತಿಬಿಡಿ. ಸಾಕು," ಎಂದೆ. ಇನ್ನೆರಡು ದಿನ ನನಗೆ ಬೇಕಿತ್ತು, ಎಷ್ಟು ಬೇಕಿತ್ತೆಂದರೆ ಹತ್ತಿ ಎಂದು ಹೇಳುತ್ತಿರುವಾಗಲೇ ಅವರು ಹತ್ತದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಹತ್ತಿದ್ರೆ, ನಿಮ್ಮನೇಲಿ ಒಬ್ಬರಿಗೈತೆ ಅಂದ್ಯಲ್ಲ, ಅವರ ಗತಿ?"

"ಅವರಿಗೆ ಅಭ್ಯಾಸ ಆಗಿದೆ."

"ನಂಗೂ ಆಗ್ತಾ ಐತೆ ತಗಾ. ಇವತ್ತು ಬೆಳಿಗ್ಗೆ ಬಂದೆಯಾ, ಕೂತ್ಕೋ ಅಂದೆ. ಕೂತ್ಕಂತು." ಅವರು ದೋಣಿಯವನಿಗೆ ಕೈ ಬೀಸಿ ಹೋಗೆಂದರು. ನನ್ನ ಕಡೆ ತಿರುಗಿ, "ಆ ಮನೆಯೋರು ಮೊದ್ಲಿನ ದಿನ ಓಡಿದ್ರಲ್ಲ, ಯಾತಕ್ಕೆ?" ಎಂದು ಕೇಳಿದರು.

ಇಷ್ಟು ದಿನ ಬಾಯಿಗೆ ಬಂದದ್ದೆಲ್ಲ ಇನ್ನೊಬ್ಬರ ಹೆಸರಿನಲ್ಲಿ ಹೇಳಿದ್ದೆ. ಇದಕ್ಕೂ ಹಾಗೆಯೇ ಹೇಳಿದೆ. "ಖುಷಿಗೆ. ತಪ್ಪಾಯ್ತು ಅಂತ ದಿನಾ ಅಂದ್ಕೊಳ್ತಾರೆ."

"ಹೂಂ," ಎಂದರು.

ಐದನೇ ದಿನದ ದಾರಿ ಮರಳಿನ ಬಯಲು. ಕೋಡಿಯ ನೀರು ಹರಿದು ಉಳಿಸಿಹೋದ ಗಟ್ಟಿ ಮರಳು, ನುಣ್ಣಗೆ, ಕಣ್ಣು ಮುಟ್ಟುವವರೆಗೆ ಒಂದೇ ಸಮ. ನಾನು ಅದನ್ನು ನೋಡುತ್ತ ನಿಂತೆ. ಕಾಲು ತಾವೇ ಮುಂದಕ್ಕೆ ಹೋಗಲು ನೋಡುತ್ತಿದ್ದವು. ಬೆರಳುಗಳನ್ನು ಮುದುರಿ ಹಿಡಿದುಕೊಂಡೆ. ಬಯಲಿನ ಆ ತುದಿಯಲ್ಲಿ ಒಂದು ದೊಡ್ಡ ಕಲ್ಲು, ಈ ಅಂಚಿನಲ್ಲಿ ಒಂದು ಹೊಂಗೆ ಮರ. ಗುರುಪಾದಪ್ಪನವರು ಕೋಲು ಒರಗಿಸಿ, ಅದರ ಬುಡದಲ್ಲಿ ಕೂತು, ಎರಡೂ ತೋಳಿನಿಂದ ಮರವನ್ನು ತಬ್ಬಿಕೊಂಡರು.

"ಏನಯ್ಯಾ ಅದು?" ಮಾಸ್ತರರು ಕೇಳಿದರು.

"ಏನಿಲ್ಲ. ಮರ ಭದ್ರವಾಗೈತೆ, ನಾನೂ ಭದ್ರವಾಗಿ ಕುಂತಿವ್ನಿ," ಎಂದು ಅವರು ಕೆರೆಗೆ, ಬಯಲಿಗೆ, ಆಕಾಶಕ್ಕೆ ಕೇಳುವ ಹಾಗೆ ಹೇಳಿದರು. "ಯಾರ್ಗಾದ್ರೂ ಓಡ್ಬೇಕು ಅನ್ಸಿದ್ರೆ ಈಗ ಓಡ್ಬೋದು. ಆ ಕಡೆ ಕಲ್ಲು ಮುಟ್ಟಿ ವಾಪಸ್ ಬರೋವರ್ಗೂ ನಾನು ಇದನ್ನ ಬಿಡಲ್ಲ."

ನಾನೊಬ್ಬಳೇ ಓಡಿದರೆ ಎಲ್ಲರಿಗೂ ತಿಳಿಯುತ್ತಿತ್ತು. ನಿಯಮ ಮುರಿಯುತ್ತಿತ್ತು. ನಾನು ಹಾಗೇ ನಿಂತೆ. ಆಗ ಅರವತ್ತೆರಡು ವರ್ಷದ ಖಾಜಾ ಮಾಸ್ತರರು ಚೀಲ ಕೆಳಗಿಟ್ಟು, ಲುಂಗಿ ಎತ್ತಿ ಕಟ್ಟಿ, "ಹನ್ನೊಂದು ಸುತ್ತಲ್ಲಿ ಒಂದ್ಸಲಾನೂ ಓಡಿಲ್ಲ ಕಣ್ರಪ್ಪಾ," ಎನ್ನುತ್ತ ಬಾತುಕೋಳಿಯ ಹಾಗೆ ಓಡತೊಡಗಿದರು. ಅವರ ಹಿಂದೆ ಅಡಿಗೆಯವರು. ಅವರ ಹಿಂದೆ ಸೀಟಿ ಬಾಯಲ್ಲಿಟ್ಟುಕೊಂಡ ಟೀಚರ್. ಸಾಲು ಮುರಿದು, ಕೊಡೆ ಟೋಪಿಗಳು ಹಾರಿ, ಮೂವತ್ತೇಳು ಜನವೂ ಮರಳಿನ ಮೇಲೆ ಕೇಕೆ ಹಾಕುತ್ತ ಓಡಿದರು. ಅವರ ನಡುವೆ ನಾನೂ ಓಡಿದೆ. ಹಿಮ್ಮಡಿಯಲ್ಲಿ ಉರಿ ಇತ್ತೋ ಇಲ್ಲವೋ ನೆನಪಿಲ್ಲ. ಗಾಳಿ ಕಿವಿಯಲ್ಲಿ ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತಿತ್ತು. ಆ ಕಡೆಯ ಕಲ್ಲು ಮುಟ್ಟಿ ತಿರುಗಿದಾಗ ದೂರದಲ್ಲಿ ಮರ ಕಂಡಿತು, ಮರವನ್ನು ತಬ್ಬಿದ ಬಿಳಿ ಅಂಗಿ ಕಂಡಿತು. ಅರಚಾಟ ಕೇಳಲಿಲ್ಲ. ಮೂರು ಬೀದಿಗೆ ಕೇಳುವ ಆ ಮನುಷ್ಯ ಅಷ್ಟು ಹೊತ್ತೂ ಒಂದು ಸದ್ದು ಹೊರಡಿಸಲಿಲ್ಲ. ನಾನು ಹತ್ತಿರ ಬಂದಾಗ ಅವರ ಕೆನ್ನೆಯ ಮೇಲೆ ಹೊಂಗೆಯ ತೊಗಟೆಯ ಗೆರೆಗಳು ಅಚ್ಚೊತ್ತಿದ್ದವು.

"ಯಾರ್ ಗೆದ್ರು?" ಎಂದು ಕೇಳಿದರು, ಟೀ ಆರಿಸುವಂಥ ಉಸಿರು ಬಿಡುತ್ತ.

ಆರನೇ ದಿನ ಮಧ್ಯಾಹ್ನ ಕೊನೆಕಲ್ಲು. ಮೆಟ್ಟಿಲ ತುಂಬ ಜನ, ತಂಬಿಗೆ, ಬೆಲ್ಲದ ವಾಸನೆಗೆ ಮುತ್ತಿದ ಜೇನುನೊಣ. ಅಕ್ಕ ಹಸಿರು ಸೀರೆಯುಟ್ಟು ಮುಂದೆಯೇ ನಿಂತಿದ್ದಳು. ನಾನು ನೆಟ್ಟಗೆ ನಡೆದು ಬರುವುದನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮುಖ ನೋಡು, ದೀಪ ಹಚ್ಚಿದ ಹಾಗಿದೆ. ಎಲ್ಲಿ ಹೋಯ್ತೇ ಸೊಂಟ?" ಎಂದು ನಕ್ಕಳು. ನಗೆಯಲ್ಲಿ ವಿಷ ಇರಲಿಲ್ಲ. ಗೆದ್ದವಳ ದಣಿವು ಇತ್ತು. "ಕೊಡಗಳನ್ನ ತೊಳೆದು ಇಟ್ಟಿದೀನಿ."

ಟೀಚರ್ ಸೀಟಿ ಊದಿದರು. ಒಬ್ಬೊಬ್ಬರಾಗಿ ಎಲ್ಲಿ ನೋಯುತ್ತದೆಂದು ಕೂಗುವುದು, ಆ ಗಾಯದ ಒಡೆಯರು ಮುಂದೆ ಬರುವುದು. "ಬಲ ಮಂಡಿ!" "ಹೆಬ್ಬೆರಳು!" ನಗು, ಅಪ್ಪುಗೆ, ಕ್ಷಮೆ, ಬೆಲ್ಲದ ನೀರು, ಏನೂ ಇಲ್ಲ, ಏನೂ ಇಲ್ಲ. ನನ್ನ ಸರದಿ ಬಂದಾಗ "ಎಡ ಹಿಮ್ಮಡಿ," ಎಂದೆ. ಗುರುಪಾದಪ್ಪನವರು ಕೋಲೂರಿಕೊಂಡು, ಎಡಗಡೆಗೆ ವಾಲುತ್ತ ಬಂದರು. ಗಂಡನ ಊರಿಂದ ಬಂದಿದ್ದ ಅವರ ಮಗಳು ನನಗೆ ಲೋಟ ಚಾಚಿ ಕೇಳಿದಳು. ನಾನು ಏನೂ ಇಲ್ಲ ಎಂದೆ. ಹಿಮ್ಮಡಿಯ ಮಟ್ಟಿಗೆ ಅದು ಸತ್ಯವೇ. ಆದರೆ ತಕ್ಷಣ ಕುಡಿಯದೆ ಲೋಟ ಹಿಡಿದು ನಿಂತೆ. ಇಬ್ಬರೂ ಒಟ್ಟಿಗೆ ಕುಡಿಯಬೇಕು.

"ನಿಮ್ದು ಕೂಗಿ ಗುರುಪಾದಪ್ಪ," ಎಂದರು ಟೀಚರ್.

"ಎಡಸೊಂಟ!"

ಅಕ್ಕನ ಕೈಯಲ್ಲಿದ್ದ ಲೋಟ ಅರ್ಧದಲ್ಲಿ ನಿಂತಿತು. ಅವಳು ಅವರ ವಾಲಿದ ಮೈಯನ್ನು ನೋಡಿದಳು. ಕೋಲನ್ನು, ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಏನೂ ತೋಚದೆ, ವಾಡಿಕೆಯೊಂದನ್ನೇ ಹಿಡಿದುಕೊಂಡು, ಲೋಟವನ್ನು ಮುಂದೆ ಚಾಚಿದಳು. "ನಮ್ಮವರಿಂದ ನಿಮಗೇನಾದರೂ ನೋವಾಯ್ತಾ?"

ಅವರು ಲೋಟ ತೆಗೆದುಕೊಳ್ಳದೆ ಕೋಲನ್ನೇ ಹಿಡಿದು ನಿಂತರು. ತುಟಿ ಒಣಗಿದ್ದವು. ಒಂದು ಗುಟುಕಿಗೆ ಅವರ ಸೊಂಟ ಅವರಿಗೆ ಮರಳಿ ಸಿಗುತ್ತಿತ್ತು, ಮನೆಗೆ ಹೋಗಿ ಮಗಳು ಬಡಿಸಿದ್ದನ್ನು ಉಂಡು ನೆಟ್ಟಗೆ ಮಲಗಬಹುದಿತ್ತು. "ಕುಡೀರಿ ಯಜಮಾನ್ರೇ, ಸಾಕು," ಎಂದು ನಾನು ಪಿಸುಗುಟ್ಟಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಅಕ್ಕ ಮತ್ತೊಮ್ಮೆ ಕೇಳಿದಳು. ಮೊದಲ ಸಲ ಬಂದವರು, ಪಾಪ, ಹೇಳಬೇಕಾದ ಮಾತು ಮರೆತಿರಬೇಕು ಎಂದುಕೊಂಡು ಕೊನೆಗೆ ತಾನೇ ಹೇಳಿಕೊಟ್ಟಳು:

"ಏನೂ ಇಲ್ಲ ಅನ್ನಿ. ಕುಡೀರಿ."

"ಅನ್ನಲ್ಲ," ಎಂದರು ಗುರುಪಾದಪ್ಪನವರು, ಮೆಟ್ಟಿಲ ಮೇಲಿದ್ದವರೆಲ್ಲ ತಿರುಗುವ ಹಾಗೆ. "ಕುಡಿಯೋದೂ ಇಲ್ಲ."